ಮೈ ಕಾಯಲಿಕ್ಕೆ ಯಾರ ಅಪ್ಪಣೆ ಬೇಕು?

ಹಾಸ್ಟೆಲ್ ಗೆಳೆಯರೇ, ಗೆಳತಿಯರೇ,

ರಜೆಗೆ ಊರಿಗೆ ಬರುತ್ತೇವೆ ಅಂದರೆ ನಮ್ಮ ಅವ್ವಂದಿರು ಹೇಳೋ ಮಾತು ಒಂದೇ. "ಯಪ್ಪಾ, ಯಾರ ಕೂಡ ಮಾತಿಗೆ ನಿಲ್ಲಬ್ಯಾಡ. ತಲಿ ತಗ್ಗಿಸ್ಕೊಂಡು ಬಾ." ಚೋರನೂರಿನಲ್ಲಿ ಬಸ್ಸಿಳಿದು ಕೇರಿ ಮುಟ್ಟೋತನಕ ಅವ್ವನ ಜೀವ ಜೀವದಾಗ ಇರುವುದಿಲ್ಲ. ಅವ್ವನನ್ನು ನಾನು ಬೈಯುವುದಿಲ್ಲ. ತಲೆ ತಗ್ಗಿಸಿಯೇ ಆಕೆ ನಮ್ಮನ್ನು ಸಾಕಿದಳು. ಆದರೆ ತಗ್ಗಿಸಿದ ತಲೆಯ ಮೇಲೂ ಏಟು ಬೀಳುತ್ತದೆ. ಆ ಏಟು ಯಾವ ಕಡೆಯಿಂದ ಬಂತು ಅನ್ನುವುದು ಮಾತ್ರ ತಲೆ ತಗ್ಗಿಸಿದವನಿಗೆ ಕಾಣುವುದಿಲ್ಲ.

ನನ್ನದೇ ಕತೆ ಕೇಳಿ. ಪಿಯುಸಿ ಎರಡನೇ ವರ್ಷ. ಪರೀಕ್ಷೆಗೆ ಹದಿನೈದು ದಿನ ಇತ್ತು. ಜಾತ್ರೆ ಅಂತ ಬಂದವನು ಒಂದು ಚಹಾ ಅಂಗಡಿಯ ಬೆಂಚಿನ ಮೇಲೆ ಕುಂತೆ. ಅಷ್ಟೇ ನನ್ನ ಅಪರಾಧ. "ಏನಲೇ, ಹಾಸ್ಟೆಲ್ ಅನ್ನ ತಿಂದು ಸೊಕ್ಕು ಬಂತಾ?" ಅಂತ ಒಬ್ಬ ಕೊರಳಪಟ್ಟಿಗೆ ಕೈ ಹಾಕಿದ. ನಾನೂ ಸಿನಿಮಾ ನೋಡಿದವನು. ಹಾಸ್ಟೆಲ್ ಗೋಡೆಗೆ ಬ್ರೂಸ್ ಲೀ ಪಟ ಅಂಟಿಸಿದವನು. ಮುಷ್ಟಿ ಬಿಗಿದು ಅವನ ತಲೆಗೆ ಬೀಸಿದೆ. ಅವನ ಬುರುಡೆ ಗಟ್ಟಿ ಇತ್ತು, ನನ್ನ ಬಲಗೈ ಕಿರುಬೆರಳಿನ ಬುಡದ ಮೂಳೆ ಮುರಿಯಿತು. ಹಿಂದಿನಿಂದ ಮೂವರು ಬಂದದ್ದನ್ನು ನಾನು ನೋಡಲೇ ಇಲ್ಲ.

ಕೈಗೆ ಪಟ್ಟಿ ಕಟ್ಟಿಸಿಕೊಂಡು ದೂರು ಕೊಡಲು ಹೋದರೆ ನನಗಿಂತ ಮೊದಲೇ ನನ್ನ ಮೇಲೆ ದೂರು ಬಿದ್ದಿತ್ತು. ನಾನು ಕುಡಿದು ಬಂದು ಮೊದಲು ಹೊಡೆದೆನಂತೆ. ಅಂಗಡಿಯ ಮುಂದೆ ಇದ್ದ ಅಷ್ಟೂ ಜನ ನನ್ನ ಮುಷ್ಟಿಯನ್ನು ನೋಡಿದ್ದರು. ನನ್ನ ಕೊರಳಪಟ್ಟಿ ಹಿಡಿದ ಕೈಯನ್ನು ಒಬ್ಬರೂ ನೋಡಿರಲಿಲ್ಲ! ಪರೀಕ್ಷೆ ಹೋಯಿತು. ಕೇಸು ಉಳಿಯಿತು. ಅಪ್ಪ ಎರಡು ಕುರಿ ಮಾರಿ ವಕೀಲರಿಗೆ ಕೊಟ್ಟ. ಆ ಮುರಿದ ಕೈ ಕಲಿಸಿದ್ದನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮ ಹುಡುಗರಿಗೆ ಉಪದೇಶ ಮಾಡುವವರು ಇಬ್ಬರಿದ್ದಾರೆ. ಒಬ್ಬ ಊರ ಹಿರಿಯ. "ಶಾಂತಿಯಿಂದ ಇರ್ರಪ್ಪಾ, ಕಾಲ ಬದಲಾಗೈತಿ" ಅನ್ನುತ್ತಾನೆ. ಕೋಲು ಹಿಡಿದವನ ಹತ್ತಿರ ಹೋಗಿ ಈತ ಎಂದಾದರೂ ಶಾಂತಿಯ ಮಾತು ಹೇಳಿದ್ದಾನೆಯೇ? ಏಟು ತಿಂದವನಿಗೆ ಮಾತ್ರ ಯಾಕೆ ಶಾಂತಿಪಾಠ? ಇನ್ನೊಬ್ಬ ನಮ್ಮವನೇ. ಮೀಸೆ ತಿರುವಿ "ಒಂದಕ್ಕೆ ಹತ್ತು ಕೊಡ್ರಲೇ" ಅನ್ನುತ್ತಾನೆ. ಭಾಷಣ ಮುಗಿದ ಮೇಲೆ ಬಸ್ಸು ಹತ್ತುತ್ತಾನೆ. ಕೋರ್ಟಿನ ವಾಯಿದೆಗೆ ಅವನು ಬರುವುದಿಲ್ಲ, ನಮ್ಮ ಅಪ್ಪ ಕುರಿ ಮಾರಿ ಬರುತ್ತಾನೆ. ಮೊದಲನೆಯವನು ನಮ್ಮನ್ನು ಕೋಲಿಗೆ ಒಪ್ಪಿಸುತ್ತಾನೆ, ಎರಡನೆಯವನು ಕೇಸಿಗೆ ಒಪ್ಪಿಸುತ್ತಾನೆ. ನಮಗೆ ಇಬ್ಬರೂ ಬೇಡ.

ಮೈ ಕಾಯುವ ವಿದ್ಯೆ ಈ ನಾಡಿಗೆ ಹೊಸದೇ? ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಕುಸ್ತಿ ಹಿಡಿದ ಜಟ್ಟಿಗಳಿದ್ದಾರೆ. ಕೃಷ್ಣದೇವರಾಯ ಬೆಳಕು ಹರಿಯುವ ಮುಂಚೆ ಎಳ್ಳೆಣ್ಣೆ ಕುಡಿದು, ಮೈಗೆ ಎಣ್ಣೆ ತಿಕ್ಕಿಸಿಕೊಂಡು, ಭಾರ ಎತ್ತಿ, ಜಟ್ಟಿಯ ಜೊತೆ ಕುಸ್ತಿ ಆಡುತ್ತಿದ್ದ ಅಂತ ಪೋರ್ಚುಗೀಸಿನ ಪಾಯೆಸ್ ಬರೆದಿಟ್ಟಿದ್ದಾನೆ. ಸರಿ. ಆ ದಿಬ್ಬಕ್ಕೆ ಕಲ್ಲು ಹೊತ್ತವರ ರಟ್ಟೆಗೆ ಕಸುವು ಇರಲಿಲ್ಲವೇ? ಸಂಡೂರು ಗುಡ್ಡದ ಅದಿರನ್ನು ಸುತ್ತಿಗೆಯಲ್ಲಿ ಒಡೆದ ಗಂಡಸು ಹೆಂಗಸರ ರಟ್ಟೆಗೆ ಕಸುವು ಇರಲಿಲ್ಲವೇ? ಕಸುವು ನಮ್ಮದು, ಅದರ ಲಾಭ ಇನ್ನೊಬ್ಬರದು. ನಮ್ಮ ಕೈ ಕಲ್ಲಿಗೆ ಬೇಕು, ಅದಿರಿಗೆ ಬೇಕು, ಕಳೆ ತೆಗೆಯಲಿಕ್ಕೆ ಬೇಕು. ನಮ್ಮ ಮೈಯನ್ನೇ ಕಾಯಲು ಅದೇ ಕೈ ಎತ್ತಿದರೆ ಸೊಕ್ಕು!

ಈಗ ಓಬವ್ವನ ಮಾತು. ನಮ್ಮ ಗೆಳತಿಯರ ಹಾಸ್ಟೆಲು, ವಸತಿ ಶಾಲೆಗಳಲ್ಲಿ ಸರ್ಕಾರ ಆಕೆಯ ಹೆಸರಲ್ಲೇ ಆತ್ಮರಕ್ಷಣೆಯ ತರಬೇತಿ ತಂದಿದೆ. 2021ರಿಂದ ನವೆಂಬರ್ 11ಕ್ಕೆ ಓಬವ್ವನ ಜಯಂತಿಯೂ ಸರ್ಕಾರದ್ದೇ. ಒಳ್ಳೆಯದು. ಆದರೆ ಫೋಟೋಗೆ ಹೂವು ಹಾಕಿ, ಹತ್ತು ದಿನ ಕೈಕಾಲು ಆಡಿಸಿ, ಪ್ರಮಾಣಪತ್ರ ಕೊಟ್ಟರೆ ಓಬವ್ವನನ್ನು ಅರ್ಥ ಮಾಡಿಕೊಂಡಂತೆ ಆಗುವುದಿಲ್ಲ. ಆಕೆ ಚಿತ್ರದುರ್ಗದ ಕೋಟೆ ಕಾವಲುಗಾರ ಕಹಳೆ ಮುದ್ದ ಹನುಮನ ಹೆಂಡತಿ, ನಮ್ಮ ಹೊಲೆಯರ ಮನೆಯ ಹೆಣ್ಣುಮಗಳು. ಗಂಡ ಉಣ್ಣಲು ಕುಂತಿದ್ದ. ನೀರಿಗೆ ಹೋದವಳಿಗೆ ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವುದು ಕಂಡಿತು. ಆಕೆಯ ಕೈಯಲ್ಲಿ ಕತ್ತಿ ಇರಲಿಲ್ಲ. ದಿನಾ ಕುಟ್ಟುವ ಒನಕೆ ಇತ್ತು. ಬಯಲಿನಲ್ಲಿ ನಿಂತಿದ್ದರೆ ಒಂದು ಗಳಿಗೆಯೂ ಉಳಿಯುತ್ತಿರಲಿಲ್ಲ. ಆಕೆ ನಿಂತದ್ದು ಕಿಂಡಿಯ ಬಾಯಲ್ಲಿ, ಒಂದು ಸಲಕ್ಕೆ ಒಬ್ಬನೇ ಬರಬಹುದಾದ ಜಾಗದಲ್ಲಿ. ಇದು ಆಕೆಯ ಬುದ್ಧಿ. 1972ರ ನಾಗರಹಾವು ಸಿನಿಮಾದಲ್ಲಿ ಆಕೆಯ ರೋಷವನ್ನು ನೋಡಿ ಚಪ್ಪಾಳೆ ಹೊಡೆದೆವು, ಬುದ್ಧಿಯನ್ನು ನೋಡಲಿಲ್ಲ.

ಇನ್ನೊಂದು ಮಾತು. ಉಣ್ಣುವ ಗಂಡನನ್ನು ಎಬ್ಬಿಸಬಾರದು ಅಂತ ಓಬವ್ವ ಕೂಗಲಿಲ್ಲ ಅನ್ನುತ್ತಾರೆ. ಒಬ್ಬಳೇ ಹೋರಾಡಿದಳು, ಸತ್ತಳು. ಆಕೆಗೆ ಕೈ ಮುಗಿದು ಹೇಳುತ್ತೇನೆ: ತಂಗೀ, ನೀನು ಕೂಗು. ಉಣ್ಣುವವನನ್ನೂ ಎಬ್ಬಿಸು, ಮಲಗಿದವನನ್ನೂ ಎಬ್ಬಿಸು. ಕಹಳೆ ಊದುವವನು ಎದ್ದರೆ ಕೋಟೆಯೆಲ್ಲಾ ಏಳುತ್ತದೆ. ನಮಗೆ ಸತ್ತ ವೀರರು ಸಾಕಷ್ಟು ಇದ್ದಾರೆ. ಬದುಕಿ ಬಂದು ಸಾಕ್ಷಿ ಹೇಳುವವರು ಬೇಕು.

ಹಾಗಾದರೆ ಹೊಸಬರು ಏನು ಕಲಿಯಬೇಕು? ಹಾರಿ ಒದೆಯುವುದು ಆಮೇಲೆ. ಮೊದಲು ಇಷ್ಟು ಕಲಿಯಿರಿ. ಓದಿದರೆ ಬರುವುದಿಲ್ಲ. ಬಲ್ಲವರನ್ನು ಕರೆಸಿ, ಇಬ್ಬಿಬ್ಬರು ಜೊತೆಯಾಗಿ, ನಿಧಾನಕ್ಕೆ ಮಾಡಿ ಮಾಡಿ ಮೈಗೆ ಹತ್ತಿಸಬೇಕು.

ಒಂದು: ಕಣ್ಣು. ತಲೆ ಎತ್ತಿ ನಡೆಯಿರಿ. ಯಾರು ಇದ್ದಾರೆ, ಎಷ್ಟು ಜನ, ಹೊರಗೆ ಹೋಗುವ ದಾರಿ ಯಾವುದು, ಮೊದಲೇ ನೋಡಿಕೊಳ್ಳಿ. ಕತ್ತಲಾದ ಮೇಲೆ ಇಬ್ಬರು ಮೂವರು ಕೂಡಿ ಬನ್ನಿ.

ಎರಡು: ದೂರ. ಕೈ ಚಾಚಿದರೆ ಮುಟ್ಟದಷ್ಟು ದೂರದಲ್ಲಿ ನಿಲ್ಲಿ. ಅವನು ಹತ್ತಿರ ಬಂದರೆ ನೀವು ಪಕ್ಕಕ್ಕೆ ಸರಿಯಿರಿ. ನೇರ ಹಿಂದಕ್ಕೆ ಹೋದರೆ ಎಡವಿ ಬೀಳುತ್ತೀರಿ. ಒಂದು ಕಾಲು ಮುಂದೆ, ಒಂದು ಹಿಂದೆ, ಮೊಣಕಾಲು ಸ್ವಲ್ಪ ಬಗ್ಗಿರಲಿ.

ಮೂರು: ಬಿಚ್ಚಿದ ಅಂಗೈ. ಎರಡೂ ಅಂಗೈ ಎದೆಯ ಎತ್ತರಕ್ಕೆ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿ: "ಅಣ್ಣಾ, ನನಗೆ ಜಗಳ ಬ್ಯಾಡ. ದೂರ ನಿಲ್ಲು." ಇದು ಅಂಜಿಕೆಯಲ್ಲ. ಆ ಅಂಗೈ ನಿಮ್ಮ ಮುಖಕ್ಕೆ ಅಡ್ಡ ಇರುತ್ತದೆ, ಆ ಮಾತು ಹತ್ತು ಜನರ ಕಿವಿಗೆ ಬಿದ್ದಿರುತ್ತದೆ. ಅಂದು ನಾನು ಇಷ್ಟು ಮಾಡಿದ್ದರೆ ನನ್ನ ಕತೆ ಬೇರೆ ಇರುತ್ತಿತ್ತು.

ನಾಲ್ಕು: ಬಿಡಿಸಿಕೊಳ್ಳುವುದು. ಮಣಿಕಟ್ಟು ಹಿಡಿದರೆ ಸುಮ್ಮನೆ ಜಗ್ಗಬೇಡಿ. ಅವನ ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಒಂದೇ ಒಂದು ಕಡೆ. ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ ಮೈಯೆಲ್ಲಾ ಕೂಡಿಸಿ ಎಳೆಯಿರಿ. ಜಡೆ ಹಿಡಿದರೆ ಅವನ ಕೈಯನ್ನು ಎರಡೂ ಕೈಯಿಂದ ತಲೆಗೇ ಒತ್ತಿ ಹಿಡಿದು ಅವನ ಕಡೆಗೇ ಸರಿಯಿರಿ, ಆಗ ಕೂದಲು ಕೀಳುವುದಿಲ್ಲ. ಕುತ್ತಿಗೆಗೆ ಕೈ ಬಂದರೆ ಗದ್ದವನ್ನು ಎದೆಗೆ ಒತ್ತಿಕೊಂಡು ಪಕ್ಕಕ್ಕೆ ಹೊರಳಿ.

ಐದು: ಬೇರೆ ದಾರಿಯೇ ಇಲ್ಲದಾಗ ಏಟು. ಮುಷ್ಟಿ ಬೇಡ, ಅಂಗೈಯ ಬುಡದಿಂದ ಕೊಡಿ. ಮೂಗು, ಗದ್ದ ಏಟು ತಡೆಯದ ಜಾಗ. ಮೊಣಕೈ, ಮೊಣಕಾಲು ಗಟ್ಟಿ ಎಲುಬು. ಅವನ ಪಾದದ ಮೇಲೆ ಹಿಮ್ಮಡಿಯಿಂದ ತುಳಿಯಿರಿ, ಮುಂಗಾಲ ಎಲುಬಿಗೆ ಒದೆಯಿರಿ. ಅವನು ಬಿಟ್ಟ ಕ್ಷಣ ನಿಮ್ಮ ಕೆಲಸ ಮುಗಿಯಿತು. ಓಡಿ.

ಆರು: ಬೀಳುವುದು. ಇದನ್ನು ಮೊದಲ ವಾರದಲ್ಲೇ ಕಲಿಯಬೇಕು. ಗದ್ದ ಎದೆಗೆ ಹತ್ತಿರ ಇರಲಿ, ತಲೆಯ ಹಿಂಭಾಗ ನೆಲಕ್ಕೆ ಬಡಿಯಬಾರದು. ಕೈ ನೆಟ್ಟಗೆ ಊರಬೇಡಿ, ಮಣಿಕಟ್ಟು ಮುರಿಯುತ್ತದೆ. ಪಕ್ಕಕ್ಕೆ ಉರುಳಿ. ಎದ್ದೇಳಲು ಆಗದಿದ್ದರೆ ತಲೆಗೆ ಕೈ ಅಡ್ಡ ಇಟ್ಟು ಕಾಲುಗಳನ್ನು ಅವನ ಕಡೆಗೆ ಇಡಿ.

ಏಳು: ಗುಂಪು ಬಂದರೆ ನಡುವೆ ಸಿಕ್ಕಬೇಡಿ. ಓಡುವ ದಾರಿ ಇದ್ದರೆ ಓಡಿ. ಇಲ್ಲದಿದ್ದರೆ ಓಬವ್ವನ ಕಿಂಡಿ ಹುಡುಕಿ, ಒಬ್ಬನೇ ಬರಬಹುದಾದ ಬಾಗಿಲು, ಸಂದಿ. ಅಲ್ಲಿ ನಿಂತು ಕೂಗಿ. ಚಾಕು, ಮಚ್ಚು ಕಂಡರೆ ಯಾವ ಪಟ್ಟೂ ಇಲ್ಲ, ಓಟವೇ ಪಟ್ಟು. ಚಾಕು ಕಸಿಯುವುದು ಸಿನಿಮಾದಲ್ಲಿ ಮಾತ್ರ ಸುಲಭ.

"ಓಡಿದರೆ ಮಾನ ಹೋಗುತ್ತಲ್ಲಾ?" ಅಂತ ಕೇಳುವ ಹುಡುಗರಿದ್ದಾರೆ. ಯಾರ ಮಾನ? ಬೆಂಚಿನ ಮೇಲೆ ಕುಂತವನ ಕೊರಳಪಟ್ಟಿ ಹಿಡಿದವನ ಮಾನ ಹೋಗಬೇಕು, ಬದುಕಿ ಬಂದವನದಲ್ಲ. ಕರಾಟೆ ಅಂದರೇ ಬರಿಗೈ ಅಂತ ಅರ್ಥ. ಅದರ ಗುರುಗಳೂ ಮೊದಲ ಏಟು ನಿನ್ನದಾಗಬಾರದು ಅಂತಲೇ ಕಲಿಸಿದರು.

ಬಾಬಾಸಾಹೇಬರು ಕಲಿಸಿದ್ದೂ ಇದನ್ನೇ. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದ ನಮ್ಮವರ ಮೇಲೆ ದೊಣ್ಣೆ ಹಿಡಿದವರು ಬಿದ್ದರು. ನಮ್ಮ ಕಡೆ ಪಲ್ಟನ್ನಿನಲ್ಲಿ ದುಡಿದು ಬಂದವರು ಇದ್ದರು. ಅವರು ಕೈ ಎತ್ತಿದ್ದರೆ ಊರು ಉಳಿಯುತ್ತಿರಲಿಲ್ಲ. ಅಂಬೇಡ್ಕರ್ ಅವರನ್ನು ತಡೆದರು, ಹೊಡೆದವರನ್ನು ಕೋರ್ಟಿಗೆ ಎಳೆದರು. ತಡೆದದ್ದು ಅಂಜಿ ಅಲ್ಲ. ಅದೇ ವರ್ಷ ಡಿಸೆಂಬರ್ 25ಕ್ಕೆ ಅದೇ ಮಹಾಡಕ್ಕೆ ಮತ್ತೆ ಬಂದು ಮನುಸ್ಮೃತಿ ಸುಟ್ಟರು. ಕೈಯಲ್ಲಿ ಬಲವಿದ್ದು ತಡೆದುಕೊಂಡವನದು ಸಂಯಮ. ಬಲವೇ ಇಲ್ಲದವನು ಸುಮ್ಮನಿದ್ದರೆ ಅದಕ್ಕೆ ಸಂಯಮ ಅನ್ನುತ್ತಾರೆಯೇ?

ನಮ್ಮ ನಾಡಿನಲ್ಲೂ ಹಾಸ್ಟೆಲ್ ಹುಡುಗರು ಇದನ್ನು ಕಂಡಿದ್ದಾರೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಅಂದರು. ಮಾತಾಡಿದವರು ಮಂತ್ರಿ, ಏಟು ತಿಂದವರು ದಲಿತ ವಿದ್ಯಾರ್ಥಿಗಳು. ಆ ಏಟು ತಿಂದ ತಲೆಮಾರೇ ಎದ್ದು ಸಂಘಟನೆ ಕಟ್ಟಿತು.

ಇನ್ನು ಕಾನೂನು. ಮೈ ಕಾಯುವುದು ನಮ್ಮ ಹಕ್ಕು, ಯಾರ ದಯೆಯೂ ಅಲ್ಲ. ಹಳೆಯ ದಂಡ ಸಂಹಿತೆಯಲ್ಲಿ 96ರಿಂದ 106ನೇ ಕಲಮಿನ ತನಕ ಇದ್ದ ಈ ಹಕ್ಕು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರ ತನಕ ಇದೆ. ನಿಮ್ಮ ಮೈಯನ್ನೂ ಕಾಯಬಹುದು, ಪಕ್ಕದವನ ಮೈಯನ್ನೂ ಕಾಯಬಹುದು. ಆದರೆ ಅದಕ್ಕೆ ಗೆರೆ ಇದೆ. ಕಾಯಲು ಎಷ್ಟು ಬೇಕೋ ಅಷ್ಟೇ. ಅವನು ಓಡಿದ ಮೇಲೆ ಬೆನ್ನಟ್ಟಿ ಹೊಡೆದರೆ ಅದು ರಕ್ಷಣೆ ಅಲ್ಲ, ಅಪರಾಧ. ಮರುದಿನ ಗುಂಪು ಕಟ್ಟಿಕೊಂಡು ಹೋದರೂ ಅಷ್ಟೇ.

ಏಟು ಬಿದ್ದ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಗಾಯ ಬರೆಸಿ. ಹೊಡೆದವರು ಯಾರು ಅಂತಲೂ ಡಾಕ್ಟರಿಗೆ ಹೇಳಿ. ಹರಿದ ಅಂಗಿ ಒಗೆಯಬೇಡಿ. ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಬರೆದುಕೊಳ್ಳದಿದ್ದರೆ ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ. ಜಾತಿಯ ಮೇಲೆ ಹೊಡೆದಿದ್ದರೆ 1989ರ ದೌರ್ಜನ್ಯ ತಡೆ ಕಾಯಿದೆಯನ್ನು ಹಾಕಿಸಿ. ಆ ಕಾಯಿದೆಯಡಿ ಎಫ್‌ಐಆರ್‌ಗೆ ಮೊದಲೇ ವಿಚಾರಣೆ ಬೇಕಿಲ್ಲ, ತನಿಖೆಯನ್ನು ಡಿವೈಎಸ್‌ಪಿ ಮಾಡಬೇಕು.

ಇದೆಲ್ಲಾ ಕಾಗದದ ಮಾತು ಅನ್ನುತ್ತೀರಾ? ಎರಡು ಊರು ನೋಡಿ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿದರು, 2006ರಲ್ಲಿ ಆರೋಪಿಗಳೆಲ್ಲಾ ಬಿಡುಗಡೆಯಾದರು. ನಮ್ಮ ಪಕ್ಕದ ಗಂಗಾವತಿ ಸೀಮೆಯ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಮನೆಗಳಿಗೆ ಬೆಂಕಿ ಇಟ್ಟರು. ಹತ್ತು ವರ್ಷ ಆ ಕೇರಿಯ ಜನ ಕೋರ್ಟಿಗೆ ಅಲೆದರು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಬರೆಯಿತು. ಮೇಲ್ಮನವಿ, ಜಾಮೀನು ಆಮೇಲಿನ ಮಾತು. ಆ ತೀರ್ಪು ಬಂದದ್ದು ಯಾವ ಕರಾಟೆಯಿಂದ? ಬದುಕಿ ಉಳಿದವರು ನಾಲಿಗೆ ತಿರುಗಿಸದೆ ನಿಂತದ್ದರಿಂದ. ಸಾಕ್ಷಿ ಹೇಳುವವನನ್ನು ಕಾಯುವುದೂ ಆತ್ಮರಕ್ಷಣೆಯೇ.

ಅದಕ್ಕೇ ನಮ್ಮ ಬೇಡಿಕೆ ಇಷ್ಟು. ಹುಡುಗಿಯರಿಗೆ ಮಾತ್ರವಲ್ಲ, ಹುಡುಗರ ಹಾಸ್ಟೆಲಿನಲ್ಲೂ ಈ ತರಬೇತಿ ಬೇಕು. ಹತ್ತು ದಿನದ ಶಾಸ್ತ್ರ ಬೇಡ, ವರ್ಷವಿಡೀ ಬೇಕು. ಹುಡುಗಿಯರಿಗೆ ಕಲಿಸಲು ಹೆಣ್ಣುಮಕ್ಕಳೇ ಬರಬೇಕು. ಪಟ್ಟು ಕಲಿಸಿದ ದಿನವೇ ಕಲಮನ್ನೂ ಕಲಿಸಬೇಕು. ಸರ್ಕಾರ ಕೊಡುವತನಕ ಕಾಯುತ್ತಾ ಕೂರಬೇಡಿ. ನಾಳೆ ಬೆಳಿಗ್ಗೆ ಹಾಸ್ಟೆಲ್ ಅಂಗಳದಲ್ಲಿ ಹತ್ತು ಜನ ಸೇರಿ, ಬೀಳುವುದನ್ನು ಕಲಿಯುವುದರಿಂದಲೇ ಶುರು ಮಾಡಿ.

ನನ್ನ ಕಿರುಬೆರಳು ಈಗಲೂ ನೆಟ್ಟಗಿಲ್ಲ. ಪೆನ್ನು ಹಿಡಿದಾಗ ನೋಯುತ್ತದೆ. ನಿಮ್ಮದು ಹಾಗಾಗಬಾರದು. ಪರೀಕ್ಷೆಯನ್ನೂ ಬರೆಯಿರಿ, ದೂರನ್ನೂ ಬರೆಯಿರಿ. ಮುಂದಿನ ಸಲ ಊರಿಗೆ ಹೊರಟಾಗ ಅವ್ವನಿಗೆ ಹೇಳಿ: "ಯವ್ವಾ, ಜಗಳಕ್ಕೆ ಹೋಗಂಗಿಲ್ಲ. ಆದ್ರ ತಲಿ ಎತ್ಕೊಂಡು ಬರ್ತೀನಿ."

ಜೈ ಭೀಮ್.