ಒಕ್ಕೂಟಕ್ಕೆ ಹೊಳೆಯೇ ಅಡಿಗಲ್ಲು

ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಹರಪನಹಳ್ಳಿ ಸೀಮೆಯ ಚಿಗಟೇರಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ತುಂಗಭದ್ರೆಯನ್ನು ದಾಟಿದರೆ ರಾಣೆಬೆನ್ನೂರು ಮುಂಬಯಿ ಪ್ರಾಂತ್ಯದ್ದು. ಹೊಳೆಗುಂಟ ಕೆಳಗಿಳಿದರೆ ಕೊಪ್ಪಳ ಹೈದರಾಬಾದ್ ಸಂಸ್ಥಾನದ್ದು. ದಕ್ಷಿಣಕ್ಕೆ ದಾವಣಗೆರೆ ಮೈಸೂರು ಸಂಸ್ಥಾನದ್ದು. ನುಡಿ ಒಂದು, ಹೊಳೆ ಒಂದು, ಆಳ್ವಿಕೆ ನಾಲ್ಕು. ನೆರೆಯ ದೇಶಗಳು ಒಂದುಗೂಡಬಲ್ಲವೇ ಎಂಬ ಪ್ರಶ್ನೆಗೆ ಈ ಸೀಮೆಯ ಅನುಭವದಲ್ಲಿ ಅರ್ಧ ಉತ್ತರವಿದೆ.

1945ರಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ಕೂಡಿಯೇ ಹೊಸಪೇಟೆಯ ಬಳಿ ಅಣೆಕಟ್ಟಿಗೆ ಅಡಿಗಲ್ಲಿಟ್ಟವು. 1953ರಲ್ಲಿ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಆ ವರ್ಷವೇ ತುಂಗಭದ್ರಾ ಮಂಡಳಿ ರೂಪುಗೊಂಡಿತು. 1956ರಲ್ಲಿ ಕನ್ನಡ ನಾಡು ಒಂದಾಯಿತು. 2014ರಲ್ಲಿ ತೆಲಂಗಾಣ ಬೇರೆಯಾಯಿತು. ಗಡಿಗಳು ಬದಲಾದರೂ ನೀರು ಹಂಚುವ ಮಂಡಳಿ ಉಳಿಯಿತು. 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಮೂರು ರಾಜ್ಯಗಳ ರೈತರ ಆತಂಕ ಒಂದೇ ಆಗಿತ್ತು. ವಾರದೊಳಗೆ ತಾತ್ಕಾಲಿಕ ಗೇಟನ್ನು ಇಳಿಸಿ ನೀರು ಉಳಿಸಲಾಯಿತು.

ದಕ್ಷಿಣ ಏಷ್ಯಾದ ಕಥೆ ಬೇರೆ. ಸಾರ್ಕ್ 1985ರಲ್ಲಿ ಢಾಕಾದಲ್ಲಿ ಹುಟ್ಟಿತು. ಅದರ ಎರಡನೆಯ ಶೃಂಗಸಭೆ 1986ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿಯೇ ನಡೆಯಿತು. 2014ರ ಕಠ್ಮಂಡು ಸಭೆಯ ಬಳಿಕ ನಾಯಕರ ಶೃಂಗಸಭೆ ಸೇರಿಲ್ಲ. 1960ರ ಸಿಂಧೂ ಜಲ ಒಪ್ಪಂದವನ್ನೂ ಪಹಲ್ಗಾಮ್ ದಾಳಿಯ ನಂತರ, 2025ರ ಏಪ್ರಿಲ್‌ನಲ್ಲಿ, ಭಾರತ ಅಮಾನತಿನಲ್ಲಿಟ್ಟಿತು.

ಇತ್ತ ಸರಕಿಗೆ ಮಾತ್ರ ದಾರಿ ತೆರೆಯಿತು. ಶ್ರೀಲಂಕೆಯೊಡನೆ 1998ರಲ್ಲಿ ಮುಕ್ತ ವ್ಯಾಪಾರ ಒಪ್ಪಂದವಾಯಿತು. ದಕ್ಷಿಣ ಏಷ್ಯಾದ ಒಪ್ಪಂದ 2006ರಲ್ಲಿ ಜಾರಿಗೆ ಬಂದಿತು. ವಿಯೆಟ್ನಾಮಿನ ಮೆಣಸು ಶ್ರೀಲಂಕೆಯ ಹೆಸರಿನಲ್ಲಿ ಬರುತ್ತಿದೆಯೆಂದು ಮಲೆನಾಡಿನ ಬೆಳೆಗಾರರು ಮೊರೆಯಿಟ್ಟರು. 2017ರ ಡಿಸೆಂಬರಿನಲ್ಲಿ ಕೇಂದ್ರವು ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಗೊತ್ತುಪಡಿಸಬೇಕಾಯಿತು. ಒಪ್ಪಂದಕ್ಕೆ ಮುನ್ನ ಬೆಳೆಗಾರನನ್ನು ಕೇಳಿದ್ದರೆ ಈ ಪಾಡು ಬರುತ್ತಿರಲಿಲ್ಲ.

ಯುರೋಪಿನ ಆರು ದೇಶಗಳು 1951ರಲ್ಲಿ ಕಲ್ಲಿದ್ದಲು ಮತ್ತು ಉಕ್ಕನ್ನು ಜಂಟಿ ಆಡಳಿತಕ್ಕೆ ಒಪ್ಪಿಸಿದವು. ಯುದ್ಧಕ್ಕೆ ಬಳಕೆಯಾಗುವ ವಸ್ತುವನ್ನೇ ಹಂಚಿಕೊಂಡದ್ದು ಅಲ್ಲಿನ ವಿವೇಕ. ಅಷ್ಟು ಬೆಳೆದ ಒಕ್ಕೂಟದಿಂದಲೂ 2020ರಲ್ಲಿ ಬ್ರಿಟನ್ ಹೊರಬಂದಿತು. ಜನರ ಸಮ್ಮತಿಯಿಲ್ಲದೆ ಯಾವ ಒಕ್ಕೂಟವೂ ಗಟ್ಟಿಯಲ್ಲ.

ದಕ್ಷಿಣ ಏಷ್ಯಾಕ್ಕೆ ಅಂತಹ ವಸ್ತು ನೀರು. ಹಿಮಾಲಯದ ನದಿಗಳು ನೇಪಾಳ, ಭೂತಾನ, ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳನ್ನು ಈಗಾಗಲೇ ಕೂಡಿಸಿವೆ. ಆದರೆ ತುಂಗಭದ್ರೆಯ ಪಾಠದಲ್ಲಿ ಎಚ್ಚರಿಕೆಯೂ ಇದೆ. ಜಲಾಶಯದಲ್ಲಿ ಮುಳುಗಿದ ಹಳ್ಳಿಗಳಿಗೆ ಮಂಡಳಿಯಲ್ಲಿ ಸ್ಥಾನವಿರಲಿಲ್ಲ. ಮೇಲಣ ಸೀಮೆಯ ಮಣ್ಣು ಕೊಚ್ಚಿಬಂದು, ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಒಡಲು 105ರ ಆಸುಪಾಸಿಗೆ ಇಳಿದಿದೆ. ನೀರನ್ನು ಹಂಚಿದವರು ಗುಡ್ಡವನ್ನು ಕಾಯುವ ಹೊಣೆಯನ್ನು ಹಂಚಿಕೊಳ್ಳಲಿಲ್ಲ.

ಆದ್ದರಿಂದ ನಾಳಿನ ಒಕ್ಕೂಟ ಮಾರುಕಟ್ಟೆಯಿಂದಲ್ಲ, ಜಲಾನಯನದಿಂದ ಮೊದಲಾಗಬೇಕು. ಅದರ ಸಭೆಯಲ್ಲಿ ಮಂತ್ರಿಯ ಪಕ್ಕದಲ್ಲಿ ಗುಡ್ಡದ ಹಳ್ಳಿಯವರೂ ಕೂರಬೇಕು.