ದೋಹಾದ ಮಾಲ್ ಗೊತ್ತು, ಮ್ಯೂಸಿಯಂ ಗೊತ್ತಿಲ್ಲ

ನಮ್ಮ ಬ್ಯಾರಿಗಳಲ್ಲಿ ಗಲ್ಫ್ ಸಂಬಂಧ ಇಲ್ಲದ ಮನೆ ಹುಡುಕುವುದು ಕಷ್ಟ. ಕುಂಬಳೆ, ಉಪ್ಪಳ, ಮಂಜೇಶ್ವರದಿಂದ ಆಚೆ ಉಳ್ಳಾಲದವರೆಗೆ ಯಾರನ್ನು ಬೇಕಾದರೂ ಕೇಳಿ, ದೋಹಾದ ಯಾವ ಮಾಲಿನಲ್ಲಿ ಯಾವ ಅಂಗಡಿ ಇದೆ, ಅಬುಧಾಬಿಯ ಯಾವ ಹೈಪರ್‌ಮಾರ್ಕೆಟಿನಲ್ಲಿ ಯಾವಾಗ ಆಫರ್ ಬರುತ್ತದೆ ಎಂದು ಬಾಯಿಪಾಠ ಹೇಳುತ್ತಾರೆ. ವಿಸಿಟ್ ವೀಸಾದಲ್ಲಿ ಎರಡು ತಿಂಗಳು ಹೋಗಿ ಬಂದ ಉಮ್ಮಂದಿರೂ ಹೇಳುತ್ತಾರೆ. ಅದೇ ದೋಹಾದ ಕಡಲ ಬದಿಯಲ್ಲಿ 2008ರಿಂದ ಇಸ್ಲಾಮಿಕ್ ಕಲೆಯ ದೊಡ್ಡ ಮ್ಯೂಸಿಯಂ ಇದೆ. ಅದರ ಒಳಗೆ ಹೋದವರು ಎಷ್ಟು ಜನ ಎಂದು ನನ್ನ ಪರಿಚಯದವರಲ್ಲಿ ಕೇಳುತ್ತಾ ಬಂದೆ. ಹೊರಗೆ ನಿಂತು ಫೋಟೋ ತೆಗೆದವರು ತುಂಬ ಸಿಕ್ಕಿದರು. ಒಳಗೆ ಹೋದವರು ಇಬ್ಬರು. ಅದರಲ್ಲಿ ಒಬ್ಬರು ಹೋದದ್ದು ಎ.ಸಿ. ಕೆಲಸಕ್ಕೆ.

ಆ ಕಟ್ಟಡವನ್ನು ರೂಪಿಸಿದವರು ಐ.ಎಂ. ಪೇ ಎಂಬ ಚೀನಾ ಮೂಲದ ಅಮೆರಿಕನ್ ವಾಸ್ತುಶಿಲ್ಪಿ. ಅದರ ರೂಪಕ್ಕೆ ಅವರಿಗೆ ದಾರಿ ತೋರಿಸಿದ್ದು ಅರಮನೆಯಲ್ಲ, ಕೈರೋದ ಇಬ್ನ್ ತುಲೂನ್ ಮಸೀದಿಯ ಅಂಗಳದಲ್ಲಿರುವ ವುಝೂ ಮಾಡುವ ಕೊಳದ ಪುಟ್ಟ ಗುಮ್ಮಟ ಮಂಟಪ. ಒಳಗೆ ಕುರ್‌ಆನಿನ ಹಳೆಯ ಹಾಳೆಗಳು, ರತ್ನಗಂಬಳಿಗಳು, ನಕ್ಷತ್ರ ನೋಡಿ ಸಮಯ ತಿಳಿಯುವ ಆಸ್ಟ್ರೋಲೇಬ್ ಎಂಬ ಯಂತ್ರಗಳು. ಇಷ್ಟೆಲ್ಲ ನಮ್ಮದೇ ಎಂದು ಭಾಷಣದಲ್ಲಿ ಹೇಳುತ್ತೇವೆ, ನೋಡಲು ಮಾತ್ರ ಪುರುಸೊತ್ತಿಲ್ಲ. ಅಬುಧಾಬಿಯ ಲೂವ್ರ್ 2017ರಲ್ಲಿ ತೆರೆಯಿತು, 18 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ. ಅದರ ಗುಮ್ಮಟದ ಅಡ್ಡಳತೆ 180 ಮೀಟರ್. ಎಂಟು ಪದರಗಳಲ್ಲಿ ಲೋಹದ ನಕ್ಷತ್ರಗಳನ್ನು ಹೆಣೆದು, ಓಲೆಯ ಮಾಡಿನಿಂದ ಬಿಸಿಲು ಸೋರಿದ ಹಾಗೆ ಬೆಳಕು ಬೀಳುವಂತೆ ಮಾಡಿದ್ದಾರೆ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು. ಕಲೆ ಬೇಡ, ಆ ಮಾಡನ್ನು ನಿಲ್ಲಿಸಿದ ಬಗೆ ನೋಡಲಿಕ್ಕಾದರೂ ನಮ್ಮ ಪಾಲಿಟೆಕ್ನಿಕ್ ಹುಡುಗರು ಹೋಗಬಹುದು.

ಯಾಕೆ ಹೋಗುವುದಿಲ್ಲ ಎಂದರೆ ಎರಡು ಉತ್ತರ ಬರುತ್ತದೆ. ಒಂದು, ಅದೆಲ್ಲ ಇಂಗ್ಲಿಷ್ ಕಲಿತ ದೊಡ್ಡವರಿಗೆ. ಇನ್ನೊಂದನ್ನು ಸ್ವಲ್ಪ ತಗ್ಗಿದ ಧ್ವನಿಯಲ್ಲಿ ಹೇಳುತ್ತಾರೆ: ಚಿತ್ರ ಅಂದರೆ ನಮಗೆ ಆಗುತ್ತದಾ?

ಮೊದಲನೆಯದಕ್ಕೆ ಒಬ್ಬ ಹೆಂಗಸಿನ ಕಥೆ ಸಾಕು. ನಸ್ರೀನ್ ಮೊಹಮ್ಮದಿ. 1937ರಲ್ಲಿ ಕರಾಚಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳೆದವರು. ಅವರ ತಂದೆಗೆ ಬಹರೈನಿನಲ್ಲಿ ಕ್ಯಾಮೆರಾ ಸಾಮಾನಿನ ಅಂಗಡಿ ಇತ್ತು. ಗಲ್ಫಿನಲ್ಲಿ ಅಂಗಡಿ ಇಟ್ಟವರ ಮಗಳು ಅಂದರೆ ನಮಗೆ ಹೊರಗಿನವರು ಅನಿಸುವುದಿಲ್ಲ. ಲಂಡನ್ನಿನಲ್ಲಿ ಕಲೆ ಓದಿದರು, 1972ರಿಂದ ಬರೋಡದ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. 1990ರಲ್ಲಿ, 53ರ ಪ್ರಾಯದಲ್ಲಿ ತೀರಿಕೊಂಡರು.

ಅವರ ಚಿತ್ರಗಳನ್ನು ನಾನು ನೋಡಿದ್ದು 2013ರಲ್ಲಿ, ಕಂಪನಿ ಕೆಲಸಕ್ಕೆಂದು ದೆಹಲಿಗೆ ಹೋದಾಗ. ಸಾಕೇತದ ಮಾಲ್ ಒಂದರ ಒಳಗೇ ಕಿರಣ್ ನಾಡಾರ್ ಮ್ಯೂಸಿಯಂ ಇತ್ತು, ಪ್ರವೇಶ ಉಚಿತ. ಹೊರಗೆ ಧಗೆ, ಸಂಜೆಯ ರೈಲಿಗೆ ಇನ್ನೂ ಹೊತ್ತಿತ್ತು. ಗೋಡೆಯ ಮೇಲಿದ್ದದ್ದು ಬರೀ ಗೆರೆಗಳು. ಪೆನ್ಸಿಲ್, ಇಂಡಿಯನ್ ಇಂಕ್, ಬಿಳಿ ಕಾಗದ, ಅಷ್ಟೇ. ಡಿಪ್ಲೊಮಾದ ಮೊದಲ ವರ್ಷ ಇಂಜಿನಿಯರಿಂಗ್ ಡ್ರಾಯಿಂಗ್ ಮಾಡಿದವರಿಗೆ ಗೊತ್ತು, ಸೆಟ್ ಸ್ಕ್ವೇರ್ ಹಿಡಿದು ಒಂದು ಮಿಲಿಮೀಟರ್ ಬಿಟ್ಟು ಒಂದು ಗೆರೆ ಎಳೆಯುತ್ತಾ ಹೋದರೆ ಹತ್ತನೆಯ ಗೆರೆಯ ಹೊತ್ತಿಗೆ ಬೆವರು ಬೀಳುತ್ತದೆ, ಶೀಟ್ ಹಾಳಾಗುತ್ತದೆ. ಇಲ್ಲಿ ಅದೇ ಸಾಧನಗಳಲ್ಲಿ, ಡ್ರಾಫ್ಟ್ಸ್‌ಮನ್ನಿನ ಪೆನ್ನಿನಲ್ಲಿ ನೂರಾರು ಗೆರೆ. ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ತೆಳ್ಳಗಾಗಿ, ಕೊನೆಗೆ ಕಾಗದದಲ್ಲೇ ಕರಗಿದ ಹಾಗೆ. ಯಾವ ಯಂತ್ರದ ಭಾಗವೂ ಅಲ್ಲ, ಯಾವ ಮನೆಯ ಪ್ಲಾನೂ ಅಲ್ಲ. ಆದರೂ ಮುಂದೆ ನಿಂತರೆ ಮನಸ್ಸು ಸಮಾಧಾನಕ್ಕೆ ಬರುತ್ತದೆ. ಅವರಿಗೆ ಕೈಕಾಲಿನ ಹಿಡಿತ ತಪ್ಪಿಸುವ ನರರೋಗ ಇತ್ತು. ರೋಗ ಏರುತ್ತಾ ಹೋದ ಹಾಗೆ ಗೆರೆ ಇನ್ನೂ ಕಟ್ಟುನಿಟ್ಟಾಯಿತು ಎಂಬುದನ್ನು ಓದಿದ ಮೇಲೆ ಆ ಚಿತ್ರಗಳನ್ನು ನೋಡುವ ನನ್ನ ಕಣ್ಣೇ ಬೇರೆ ಆಯಿತು. ಹೆಚ್ಚಿನವಕ್ಕೆ ಅವರು ಹೆಸರಿಡಲಿಲ್ಲ, ತಾರೀಕೂ ಹಾಕಲಿಲ್ಲ. 2016ರಲ್ಲಿ ನ್ಯೂಯಾರ್ಕಿನ ಮೆಟ್ ಮ್ಯೂಸಿಯಂ ಆಧುನಿಕ ಕಲೆಗೆಂದು ಮೆಟ್ ಬ್ರಾಯರ್ ಎಂಬ ಬೇರೆ ಶಾಖೆ ತೆರೆದಾಗ, ಆರಂಭದ ಪ್ರದರ್ಶನಗಳಲ್ಲಿ ಒಂದು ಅವರದ್ದು. ಇದನ್ನು ನೋಡಿ ಖುಷಿಪಡಲು ನನಗೆ ಇಂಗ್ಲಿಷ್ ಬೇಕಾಗಲಿಲ್ಲ. ಗೋಡೆಯ ಬರಹವನ್ನು ಆಮೇಲೆ ಓದಿದೆ.

ಎರಡನೆಯ ಪ್ರಶ್ನೆಗೆ ಉತ್ತರ ಹೇಳಲು ನಾನು ಉಸ್ತಾದ್ ಅಲ್ಲ. ಜೀವಿಗಳ ಚಿತ್ರ ಬರೆಯುವ ವಿಷಯದಲ್ಲಿ ಉಲಮಾಗಳು ಹೇಳಿದ್ದನ್ನು ಗೌರವದಿಂದಲೇ ಕೇಳುವವನು. ಆದರೆ ಆ ಮಾತನ್ನು ನಾವು ಬಳಸುವ ರೀತಿ ಮಾತ್ರ ವಿಚಿತ್ರ. ಮದುವೆಗೆ ಎರಡು ಕ್ಯಾಮೆರಾ, ಒಂದು ಡ್ರೋನ್, ಅಲ್ಬಂ ಇಡಲು ಪೆಟ್ಟಿಗೆ. ಮೊಬೈಲಿನಲ್ಲಿ ಇಪ್ಪತ್ತನಾಲ್ಕು ಗಂಟೆ ಮುಖಗಳು. ಅಲ್ಲೆಲ್ಲ ನೆನಪಾಗದ ಮಸ್‌ಅಲ ಒಂಬತ್ತನೇ ಕ್ಲಾಸಿನ ಹುಡುಗಿಯ ಡ್ರಾಯಿಂಗ್ ಪುಸ್ತಕ ಕಂಡ ಕೂಡಲೇ ನೆನಪಾಗುತ್ತದೆ. ಇನ್ನು, ನಸ್ರೀನರ ಕಾಗದದಲ್ಲಿ ಒಂದು ಮುಖವೂ ಇಲ್ಲ, ಒಂದು ಹಕ್ಕಿಯೂ ಇಲ್ಲ. ಖತ್ ಬರಹ, ಜ್ಯಾಮಿತಿಯ ವಿನ್ಯಾಸ, ಮರದ ಕೆತ್ತನೆ, ಇವನ್ನು ಮುಸ್ಲಿಮರು ನೂರಾರು ವರ್ಷ ಮಸೀದಿಯಲ್ಲೇ ಮಾಡಿದ್ದಾರೆ. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯಲ್ಲಿ ನಮಾಜ್ ಮಾಡಿದವರು ಒಮ್ಮೆ ಕತ್ತೆತ್ತಿ ಆ ಮರದ ಕೆಲಸ ನೋಡಿ. ಹೆಚ್ಚಿನವರು ಚಪ್ಪಲಿ ಎಲ್ಲಿಟ್ಟೆ ಎಂಬ ಯೋಚನೆಯಲ್ಲೇ ಹೊರಗೆ ಬರುತ್ತಾರೆ.

ನಾನು ಇದನ್ನೆಲ್ಲ ಬರೆಯಲು ಕಾರಣ ನಮ್ಮ ಹುಡುಗಿಯರು. ಪ್ರತಿ ಮನೆತನದಲ್ಲೂ ಮೈಲಾಂಜಿ ಹಾಕುವುದರಲ್ಲಿ ಗಟ್ಟಿಗರು ಒಬ್ಬರಾದರೂ ಇದ್ದಾರೆ. ಕೋನ್ ಹಿಡಿದರೆ ಅರ್ಧ ಗಂಟೆಯಲ್ಲಿ ಎರಡು ಕೈ ಮುಗಿಸುತ್ತಾರೆ, ಎಡಗೈ ಬಲಗೈ ಒಂದೇ ಅಳತೆ, ಸ್ಕೇಲ್ ಇಲ್ಲದೆ. ಇದು ಸಣ್ಣ ವಿದ್ಯೆ ಅಲ್ಲ ಮಾರಾಯರೆ. ನನ್ನ ಅಕ್ಕನ ಮಗಳು ಅಂಥವಳು. ಪ್ಲಸ್ ಟೂ ಆದ ಮೇಲೆ ಏನು ಎಂಬ ಚರ್ಚೆಯಲ್ಲಿ ಫಾರ್ಮಸಿ ಬಂತು, ಬಿ.ಕಾಂ. ಬಂತು, ನಿಕಾಹ್ ಬಂತು. ವಿನ್ಯಾಸ, ವಾಸ್ತುಶಿಲ್ಪ, ಬಟ್ಟೆಯ ಡಿಸೈನ್ ಎಂಬ ಕೆಲಸಗಳೂ ಲೋಕದಲ್ಲಿ ಇವೆ ಎಂದು ಯಾರ ಬಾಯಿಯಿಂದಲೂ ಬರಲಿಲ್ಲ, ಯಾಕೆಂದರೆ ಅಂಥದ್ದನ್ನು ಯಾರೂ ಕಂಡಿಲ್ಲ. ನನ್ನ ಉಪ್ಪ ಅಂಗಡಿಯಲ್ಲಿ ಯಾವಾಗಲೂ ಹೇಳುತ್ತಿದ್ದದ್ದು, ಸಾಮಾನು ಗಿರಾಕಿಯ ಕಣ್ಣಿಗೆ ಬೀಳುವ ಕಡೆ ಇಡಬೇಕು ಎಂದು. ಮಕ್ಕಳ ಕಣ್ಣಿಗೆ ನಾವು ಏನನ್ನು ಇಟ್ಟಿದ್ದೇವೆ?

ದುಡ್ಡಿನ ನೆಪವೂ ಬೇಡ. ಕಾಸರಗೋಡಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರ್, ಆಸ್ಪತ್ರೆಗೆಂದು ತಿಂಗಳಿಗೆ ಎರಡು ಸಲ ಹೋಗುತ್ತೇವೆ. ಅಲ್ಲಿ ಬಿಜೈಯ ಶ್ರೀಮಂತಿ ಬಾಯಿ ಸರ್ಕಾರಿ ಮ್ಯೂಸಿಯಂ ಇದೆ. ಸೇಂಟ್ ಅಲೋಶಿಯಸ್ ಕಾಲೇಜಿನ ಚಾಪೆಲ್‌ನಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೆನಿ ಸುಮಾರು 1900ರ ಹೊತ್ತಿಗೆ ಬರೆದ ಚಿತ್ರಗಳಿವೆ, ಗೋಡೆಯಿಂದ ಮಾಡಿನವರೆಗೆ. ಹಸಿ ಸುಣ್ಣದ ಗಾರೆ ಒಣಗುವ ಮೊದಲೇ ಬಣ್ಣ ಹಚ್ಚಿ ಮುಗಿಸಬೇಕಾದ ಫ್ರೆಸ್ಕೊ ಕೆಲಸ ಅದು, ಕೆಲವು ಭಾಗ ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣ. ಕ್ರೈಸ್ತರ ಪ್ರಾರ್ಥನೆಯ ಜಾಗ ಎಂದು ಹಿಂಜರಿಯುವವರು ಅದೇ ಕಾಲೇಜಿನ ಅಲೋಶಿಯಂ ಮ್ಯೂಸಿಯಂ ನೋಡಿ ಬನ್ನಿ. ಅಲ್ಲಿ ಮಂಗಳೂರಿನ ಓಬೀರಾಯನ ಕಾಲದ ಕಾರು ನಿಂತಿದೆ, ಗಂಡು ಮಕ್ಕಳು ಹೊರಡುವುದೇ ಇಲ್ಲ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ಚಿತ್ರಗಳು ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಗೂ ಸೇರಿವೆ. ಅವರ ಕೋಳಿ ಅಂಕದ ಚಿತ್ರ ನಮ್ಮ ಕಡೆಯವರಿಗೆ ಯಾರೂ ವಿವರಿಸಬೇಕಿಲ್ಲ.

ನಮ್ಮ ಜಿಲ್ಲೆಯಲ್ಲೂ ಇಲ್ಲದಿಲ್ಲ. ಕಾಞಂಗಾಡಿನಲ್ಲಿ ಕೇರಳ ಲಲಿತಕಲಾ ಅಕಾಡೆಮಿಯ ಗ್ಯಾಲರಿ ಇದೆ. ಚೆರುವತ್ತೂರು ಕಡೆಯವರಾದ ಕಾನಾಯಿ ಕುಞಿರಾಮನ್ ಮಲಂಪುಳದಲ್ಲಿ 1969ರಲ್ಲಿ ಯಕ್ಷಿಯನ್ನು ಮಾಡಿ ಕೇರಳಕ್ಕೆಲ್ಲ ಹೆಸರಾದರು. ಅವರದ್ದೇ ಒಂದು ಅಮ್ಮನ ಶಿಲ್ಪ ವಿದ್ಯಾನಗರದಲ್ಲಿ, ಜಿಲ್ಲಾ ಪಂಚಾಯತಿನ ಆವರಣದಲ್ಲಿದೆ. ಎಂಡೋಸಲ್ಫಾನಿನಿಂದ ನೊಂದ ತಾಯಂದಿರಿಗೆಂದು ಮಾಡಿದ್ದು. ಕಚೇರಿ ಕೆಲಸಕ್ಕೆ ಹೋದವರು ಐದು ನಿಮಿಷ ಅಲ್ಲಿ ನಿಲ್ಲಬಹುದು. ಈ ಜಿಲ್ಲೆಯವರಿಗೆ ಆ ತಾಯಿಯ ಪರಿಚಯ ಹೇಳಬೇಕಾಗಿಲ್ಲ.

ಕೊಚ್ಚಿ ಬಿನಾಲೆ ಇನ್ನೊಂದು. 2012ರ ಡಿಸೆಂಬರ್ 12ಕ್ಕೆ ಶುರು ಮಾಡಿದವರು ಬೋಸ್ ಕೃಷ್ಣಮಾಚಾರಿ ಮತ್ತು ತೃಶ್ಶೂರಿನ ರಿಯಾಸ್ ಕೋಮು. 2016ರ ಆವೃತ್ತಿ ನಡೆಸಿದ್ದು ಮಂಗಳೂರಿನಲ್ಲಿ ಹುಟ್ಟಿದ ಸುದರ್ಶನ್ ಶೆಟ್ಟಿ, ತಂದೆ ಯಕ್ಷಗಾನದವರು. ಅಲ್ಲಿಯ ಮುಖ್ಯ ಜಾಗ ಆಸ್ಪಿನ್‌ವಾಲ್ ಹೌಸ್, ಹಿಂದೆ ಕರಿಮೆಣಸು, ಶುಂಠಿ, ತೆಂಗಿನೆಣ್ಣೆಯ ವ್ಯಾಪಾರದ ಕಂಪನಿ ಇದ್ದ ಕಾಂಪೌಂಡ್. ಅಂಗಡಿಯವರ ಮಗನಾದ ನನಗೆ ಮ್ಯೂಸಿಯಂಗಿಂತ ಇಂಥ ಗೋದಾಮಿನಲ್ಲೇ ನೆಮ್ಮದಿ. ಎಲ್ಲವೂ ಅರ್ಥವಾಗುತ್ತದೆ ಎಂದಲ್ಲ, ಕೆಲವು ಕೋಣೆಗಳಲ್ಲಿ ಇದು ಕಲೆಯೋ ರಿಪೇರಿ ನಡೆಯುತ್ತಿದೆಯೋ ಎಂದು ಅನುಮಾನ ಬರುತ್ತದೆ. ಹಾಗಾದರೆ ಮುಂದಿನ ಕೋಣೆಗೆ ಹೋಗಿ, ಯಾರೂ ಪರೀಕ್ಷೆ ಇಟ್ಟಿಲ್ಲ.

ಮತ್ತೆ ದೋಹಾಕ್ಕೆ ಬರುತ್ತೇನೆ. ಮುಂಬೈಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದ ಎಂ.ಎಫ್. ಹುಸೈನ್ ಕೊನೆಗೆ 2010ರಲ್ಲಿ ಖತಾರಿನ ಪೌರರಾದರು, ಮರುವರ್ಷ ಲಂಡನ್ನಿನಲ್ಲಿ ತೀರಿಕೊಂಡರು. ಅವರ ಎಲ್ಲ ಚಿತ್ರ ನನಗೆ ಹಿಡಿಸುವುದಿಲ್ಲ, ಕುದುರೆಗಳು ಹಿಡಿಸುತ್ತವೆ. 2025ರ ನವೆಂಬರಿನಲ್ಲಿ ಎಜುಕೇಶನ್ ಸಿಟಿಯಲ್ಲಿ ಅವರ ಹೆಸರಿನ ಮ್ಯೂಸಿಯಂ ತೆರೆದಿದೆ. ಹೆಸರು ಲೌಹ್ ವ ಕಲಮ್. ಮದ್ರಸಕ್ಕೆ ಹೋದ ಮಗುವಿಗೆ ಈ ಎರಡು ಪದದ ಅರ್ಥ ಹೇಳಿಕೊಡಬೇಕಾಗಿಲ್ಲ. ಅವರು ಕೊನೆಯ ಕಾಲದಲ್ಲಿ ಕಲ್ಪಿಸಿದ, ತೀರಿದ ಮೇಲೆ ಪೂರ್ತಿಯಾದ ಒಂದು ಕೃತಿಯೂ ಅಲ್ಲಿದೆ: ಗಾಜಿನ ಕುದುರೆಗಳು, ಹಳೆಯ ಕಾರುಗಳು, ರೆಕ್ಕೆ ಕಟ್ಟಿ ಹಾರಲು ನೋಡಿದ ಅಬ್ಬಾಸ್ ಇಬ್ನ್ ಫಿರ್ನಾಸ್, ಎಲ್ಲ ತಿರುಗುತ್ತಾ ಚಲಿಸುತ್ತದೆ.

ಈ ರಜೆಗೆ ವಿಸಿಟ್ ವೀಸಾದಲ್ಲಿ ಹೆಂಡತಿ ಮಕ್ಕಳನ್ನು ಕರೆಸುವವರು ಒಂದು ಸಂಜೆ ಮಾಲ್ ಬಿಟ್ಟು ಅಲ್ಲಿಗೆ ಕರೆದುಕೊಂಡು ಹೋಗಿ. ಡ್ರಾಯಿಂಗ್ ಪುಸ್ತಕ ಬಚ್ಚಿಟ್ಟ ಮಗಳಿದ್ದರೆ ಅವಳಿಗೆ ಒಂದು ಪೆನ್ಸಿಲ್ ಕೊಡಿ, ಅಲ್ಲಿ ಬೇಗ ಬಾ ಎಂದು ಅವಸರ ಮಾಡಬೇಡಿ.