ಒಲ್ಲೆನೆನ್ನುವ ಶಕ್ತಿ

ಬಂಡವಾಳಶಾಹಿಯ ಗುಣದೋಷಗಳ ವಿಚಾರವು ನಮ್ಮಲ್ಲಿ ಸಾಮಾನ್ಯವಾಗಿ ಗ್ರಂಥಗಳಿಂದ ಹೊರಟು ಗ್ರಂಥಗಳಲ್ಲಿಯೇ ಮುಗಿಯುತ್ತದೆ; ಆದರೆ ಕಾವೇರಿಯ ದಡದಲ್ಲಿ, ಷಷ್ಠಿಯ ಜಾತ್ರೆಗೆ ಹೆಸರಾದ ರಾಮನಾಥಪುರದಲ್ಲಿ, ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯನ್ನು ಹೊಕ್ಕವರಿಗೆ ಆ ವಾದದ ಎರಡು ಪಕ್ಷಗಳೂ ಬೇಲುಗಳ ಸಾಲಿನ ನಡುವೆಯೇ ಕಾಣಸಿಗುತ್ತವೆ.

ಪೈಪೋಟಿಗೆ ಸಲ್ಲತಕ್ಕ ಮನ್ನಣೆ ಮೊದಲು ಸಲ್ಲಲಿ. 1975ರ ಕಾಯಿದೆಯಿಂದ ಹುಟ್ಟಿದ ಮಂಡಳಿಯು 1984ರಲ್ಲಿ ಕರ್ನಾಟಕಕ್ಕೆ ಹರಾಜನ್ನು ತರುವವರೆಗೂ ವ್ಯಾಪಾರಿ ಕಟ್ಟಿದ ದರ್ಜೆಗೂ ಆಡಿದ ಬೆಲೆಗೂ ರೈತನು ತಲೆಬಾಗಬೇಕಾಗಿತ್ತು. ಈಗ ಬೇಲು ಹಲವರ ಕಣ್ಣೆದುರು ಇರುತ್ತದೆ. ಹಣ ಬ್ಯಾಂಕಿನ ಖಾತೆಗೆ ಬರುತ್ತದೆ. ಮಾರುಕಟ್ಟೆಯೆಂದರೆ ಶೋಷಣೆಯೇ ಎನ್ನುವವರ ಮಾತನ್ನು ಈ ಕಾರಣದಿಂದ ನಾನು ಒಪ್ಪಲಾರೆ.

ಆದರೆ ಕಡ್ಡಿಗೆ ಕಟ್ಟಿದ ಹಸಿ ಸೊಪ್ಪನ್ನು ಒಣಗಿಸುವ ಬ್ಯಾರನ್ನಿಗೇರಿಸಿ, ಉರಿ ಮಿಕ್ಕರೆ ಬಣ್ಣ ಕೆಟ್ಟೀತು, ತಗ್ಗಿದರೆ ನಡುನಾರು ಒಣಗದೆ ಉಳಿದೀತು ಎಂದು ಐದಾರು ದಿನ ಹಗಲಿರುಳೆನ್ನದೆ ಸೌದೆಯೊಡ್ಡಿ ಕಾಯ್ದ ಕುಟುಂಬವು, ಬೇಲು ಹೊತ್ತು ತಂದ ದಿನ ಯಾರೂ ಬೆಲೆ ಕಟ್ಟದೆ ಅದು ‘ನೋ ಬಿಡ್’ ಆದಾಗ ಏನು ಮಾಡಬೇಕು? ಕಟ್ಟಿದ ಬೆಲೆ ಸಾಲದೆಂದು ತಿರಸ್ಕರಿಸುವ ಹಕ್ಕು ನಿಯಮದಲ್ಲಿ ರೈತನಿಗುಂಟು. ಮನೆಯಲ್ಲಿಟ್ಟ ಸೊಪ್ಪಾದರೋ ತೇವಕ್ಕೆ ಕೆಡುತ್ತದೆ. ಸಾಲದ ಬಡ್ಡಿ ಬೆಳೆಯುತ್ತದೆ. ಹೀಗಿರುವಾಗ ಆ ಹಕ್ಕು ಕಾಗದದ ಹಕ್ಕಾಗಿಯೇ ಉಳಿಯುತ್ತದೆ. ಎಷ್ಟು ಬೆಳೆಯಬಹುದೆಂಬುದಕ್ಕೆ ಮಂಡಳಿ ಮಿತಿ ಕಟ್ಟುತ್ತದೆ, ಮಿಕ್ಕರೆ ದಂಡವನ್ನೂ ವಿಧಿಸುತ್ತದೆ. ಕೇಂದ್ರವು ಬೆಂಬಲ ಬೆಲೆ ಸಾರುವ ಬೆಳೆಗಳ ಪಟ್ಟಿಯಲ್ಲಿ ಮಾತ್ರ ತಂಬಾಕಿಲ್ಲ. ಮಾರುವವನನ್ನು ಕಟ್ಟಿಹಾಕಿ ಕೊಳ್ಳುವವನನ್ನು ಬಿಟ್ಟುಬಿಡುವ ವ್ಯವಸ್ಥೆಗೆ ಸ್ವತಂತ್ರ ಮಾರುಕಟ್ಟೆಯೆಂಬ ಹೆಸರು ಸಲ್ಲದು, ಸಮಾಜವಾದವೆಂಬ ಹೆಸರಂತೂ ಸಲ್ಲವೇ ಸಲ್ಲದು.

ಮಾರುಕಟ್ಟೆಯ ಪರಮ ಪಕ್ಷಪಾತಿಯೆಂದು ಎಲ್ಲರೂ ಬಗೆಯುವ ಆಡಂ ಸ್ಮಿತನು 1776ರ ತನ್ನ ಗ್ರಂಥದಲ್ಲಿ, ಕೂಲಿಯ ಪ್ರಸ್ತಾಪ ಬಂದೆಡೆ, ಸಂಖ್ಯೆಯಲ್ಲಿ ಕಡಿಮೆಯಿರುವ ಧಣಿಗಳು ಒಂದಾಗುವುದು ಸುಲಭವೆಂದೂ ಅವರು ಹೆಚ್ಚು ಕಾಲ ತಾಳಬಲ್ಲರೆಂದೂ ಕಂಡುಕೊಂಡಿದ್ದನು. ಕೂಲಿಗೆ ಸಂದ ಆ ಮಾತು ಹೊಗೆಸೊಪ್ಪಿಗೂ ಸಲ್ಲುತ್ತದೆ: ಕೊಳ್ಳುವ ಕಂಪನಿಗಳು ಕೆಲವು, ಬೆಳೆಯುವವರು ಸಾವಿರಾರು. ಯಾರೂ ಸಂಚು ಹೂಡಬೇಕಾಗಿಲ್ಲ. ನಾಳೆಯವರೆಗೆ ಕಾಯಬಲ್ಲವನೇ ಬೆಲೆಯನ್ನು ನಿರ್ಣಯಿಸುತ್ತಾನೆ.

ಸೊಪ್ಪು ಆರೋಗ್ಯಕ್ಕೆ ಕೇಡೆಂಬುದು ನಿಸ್ಸಂದೇಹ; ಈ ಬೆಳೆ ಕ್ರಮೇಣ ಕಡಿಮೆಯಾಗಲೇಬೇಕು. ಆದರೆ ಬೆಲೆ ಕುಸಿದು ಸಾಲಕ್ಕೆ ಸಿಕ್ಕಿದ ರೈತನು ಬೇರೆ ಬೆಳೆಗೆ ತಿರುಗಲಾರನು. ಕೈಯಲ್ಲಿ ನಾಲ್ಕು ಕಾಸುಳ್ಳವನು ತಿರುಗಬಲ್ಲನು. ಉಗ್ರಾಣದ ರಸೀತಿಯ ಮೇಲೆ ಸಾಲ ಎತ್ತುವುದಕ್ಕೆ 2007ರ ಉಗ್ರಾಣ ಕಾಯಿದೆ ದಾರಿ ತೆರೆದಿದೆ. ಅದರಂತೆ ರಾಮನಾಥಪುರದ ಹರಾಜುಕಟ್ಟೆಯ ಬಳಿಯಲ್ಲಿಯೇ ತೇವ ಸೋಕದ ಉಗ್ರಾಣವೊಂದನ್ನು ಕಟ್ಟಿ, ಮಾರದೆ ಉಳಿದ ಬೇಲಿನ ಮೇಲೆ ಅಂದೇ ಅಲ್ಪಬಡ್ಡಿಯ ಮುಂಗಡ ಕೊಡುವ ಏರ್ಪಾಡು ಮುಂದಿನ ಹರಾಜಿಗೆ ಮೊದಲೇ ಆಗಬೇಕು. ಮಂಡಳಿಗೂ ಸರ್ಕಾರಕ್ಕೂ ಇದು ಅಸಾಧ್ಯವಾದ ಕಾರ್ಯವೇನೂ ಅಲ್ಲ.